ಕಿಟ್ ಬ್ಯಾಗು ದೊಡ್ಡದು, ಬೆನ್ನು ಚಿಕ್ಕದು

ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಯಶವಂತಪುರದ ಬಸ್ ನಿಲ್ದಾಣದಲ್ಲಿ ಒಂದು ಹತ್ತು ನಿಮಿಷ ನಿಂತು ನೋಡಿ ಸ್ವಾಮಿ. ಎರಡು ಬಗೆಯ ಹೊರೆಯಾಳುಗಳು ಕಣ್ಣಿಗೆ ಬೀಳುತ್ತಾರೆ. ಮೊದಲನೆಯವರು ಮಾರ್ಕೆಟ್ ಯಾರ್ಡಿನ ಹಮಾಲರು. ರಾತ್ರಿಯೆಲ್ಲ ಲಾರಿ ಇಳಿಸಿ, ತಲೆಗೆ ಸುತ್ತಿದ್ದ ಟವಲಿನಲ್ಲೇ ಮುಖ ಒರೆಸಿಕೊಂಡು ಟೀ ಅಂಗಡಿ ಮುಂದೆ ಕೂತಿರುತ್ತಾರೆ. ಎರಡನೆಯವರು ನಮ್ಮ ನಿಮ್ಮ ಮನೆಯ ಮಕ್ಕಳು. ಹತ್ತು ವರ್ಷ, ಹನ್ನೆರಡು ವರ್ಷ, ಹೆಚ್ಚೆಂದರೆ ಹದಿನಾಲ್ಕು. ಬೆನ್ನ ಮೇಲೆ ತಮ್ಮಷ್ಟೇ ಎತ್ತರದ ಕ್ರಿಕೆಟ್ ಕಿಟ್ ಬ್ಯಾಗು. ಬಸ್ಸಿನ ಮೆಟ್ಟಿಲು ಹತ್ತುವಾಗ ಹುಡುಗ ಮುಂದೆ ಹೋದರೆ ಬ್ಯಾಗು ಹಿಂದಕ್ಕೆ ಎಳೆಯುತ್ತದೆ. ಕಂಡಕ್ಟರು, "ಲೇ ಮರೀ, ನಿನಗೊಂದು ಟಿಕೆಟ್ಟು, ನಿನ್ನ ಬ್ಯಾಗಿಗೊಂದು ಟಿಕೆಟ್ಟು" ಅಂತ ತಮಾಷೆ ಮಾಡುತ್ತಾನೆ. ಹುಡುಗ ನಗುವುದಿಲ್ಲ. ಅವನಿಗೆ ನಿದ್ದೆ.

ಈ ಎರಡು ಗುಂಪಿನಲ್ಲಿ ಯಾರ ಬೆನ್ನಿಗೆ ಅಪಾಯ ಹೆಚ್ಚು ಎಂದು ಕೇಳಿದರೆ ನೀವು ಹಮಾಲರ ಕಡೆ ಕೈ ತೋರಿಸುತ್ತೀರಿ. ನಾನೂ ಹಾಗೇ ಅಂದುಕೊಂಡಿದ್ದೆ. ಮೊನ್ನೆ ಮೊನ್ನೆಯವರೆಗೂ.

ನಮಗೆ ಪರಿಚಯದ ಅಂಗಡಿ ಯಜಮಾನರೊಬ್ಬರಿದ್ದಾರೆ. ಮತ್ತೀಕೆರೆ ಕಡೆ ಪ್ರಾವಿಜನ್ ಸ್ಟೋರು. ಹೆಸರು ಬೇಡ. ಒಬ್ಬನೇ ಮಗ, ಹದಿನಾಲ್ಕು ವರ್ಷ, ವೇಗದ ಬೌಲರು. ಬೆಳಿಗ್ಗೆ ಐದೂವರೆಗೆ ಕೋಚಿಂಗ್ ಕ್ಯಾಂಪು, ಸಂಜೆ ಸ್ಕೂಲ್ ಟೀಮಿನ ಪ್ರಾಕ್ಟೀಸು, ಭಾನುವಾರ ಗಲ್ಲಿ ಹುಡುಗರ ಟೆನಿಸ್ ಬಾಲ್ ಟೂರ್ನಮೆಂಟು. ಮೂರು ಕಡೆಯೂ ಅವನದೇ ಬೌಲಿಂಗು, ಮೂರು ಕಡೆಯವರಿಗೂ ಮಿಕ್ಕ ಎರಡರ ಲೆಕ್ಕ ಗೊತ್ತಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಹುಡುಗ ಸೊಂಟ ಹಿಡಿದುಕೊಂಡ. "ಬೆಳೆಯೋ ಹುಡುಗ, ನೋವು ಇರುತ್ತೆ" ಎಂದರು ಮನೆಯಲ್ಲಿ. ಎಣ್ಣೆ ತಿಕ್ಕಿದರು. ಉಳುಕು ತೆಗೆಯುವವರ ಹತ್ತಿರ ಎರಡು ಸಲ ಕರೆದುಕೊಂಡು ಹೋದರು. ಎಕ್ಸ್‌ರೇ ಆಯಿತು, ಏನೂ ಕಾಣಲಿಲ್ಲ. ಏನೂ ಕಾಣದ್ದರಿಂದ ಏನೂ ಇಲ್ಲ ಎಂದುಕೊಂಡು ಹುಡುಗ ಇನ್ನೂ ಮೂರು ವಾರ ಬೌಲಿಂಗ್ ಮಾಡಿದ. ಕೊನೆಗೆ ಎಂ.ಆರ್.ಐ. ಮಾಡಿಸಿದಾಗ ಗೊತ್ತಾಯಿತು: ಬೆನ್ನುಮೂಳೆಯ ತೀರಾ ಕೆಳಗಿನ ಕಟ್ಟಿನಲ್ಲಿ ಕೂದಲೆಳೆಯಂಥ ಬಿರುಕು. ಆರು ತಿಂಗಳು ಬಾಲು ಮುಟ್ಟುವಂತಿಲ್ಲ.

ತಂದೆ ನನ್ನ ಹತ್ತಿರ ಹೇಳಿದ್ದು ಒಂದೇ ಮಾತು: "ಯಾರೂ ಬಿದ್ದಿಲ್ಲ, ಯಾರೂ ಹೊಡೆದಿಲ್ಲ, ಮೂಳೆ ಹೇಗೆ ಸೀಳಿತು ಸಾರ್?"

ಈ ಪ್ರಶ್ನೆಯ ಬೆನ್ನು ಹತ್ತಿ ನಾನು ಸುತ್ತಾಡಿದ್ದೇ ಈ ವಾರದ ಅಂಕಣ.

ತಂತಿ ಮುರಿಯುವ ರೀತಿ

ಒಂದು ತಂತಿಯನ್ನು ಒಂದೇ ಜಾಗದಲ್ಲಿ ಹಿಂದಕ್ಕೆ ಮುಂದಕ್ಕೆ ಬಗ್ಗಿಸುತ್ತಾ ಇರಿ. ಹತ್ತು ಸಲ, ಇಪ್ಪತ್ತು ಸಲ ಏನೂ ಆಗುವುದಿಲ್ಲ. ನಲವತ್ತನೇ ಸಲ ಪಟ್ ಎಂದು ಮುರಿಯುತ್ತದೆ. ಬೌಲರಿನ ಬೆನ್ನೂ ಹೀಗೇ. ಓಡಿ ಬಂದು, ಮುಂಗಾಲನ್ನು ನೆಲಕ್ಕೆ ಅಪ್ಪಳಿಸುವ ಆ ಕ್ಷಣದಲ್ಲಿ ಮೈತೂಕದ ಹಲವು ಪಟ್ಟು ಭಾರ ಕಾಲಿನಿಂದ ಮೇಲಕ್ಕೆ ಬರುತ್ತದೆ. ಅದೇ ಕ್ಷಣದಲ್ಲಿ ಸೊಂಟ ಹಿಂದಕ್ಕೂ ಪಕ್ಕಕ್ಕೂ ಬಾಗಿ, ತಿರುಗಿರುತ್ತದೆ. ಬಲಗೈ ಬೌಲರಾದರೆ ಬೆನ್ನಿನ ಎಡಭಾಗಕ್ಕೆ ಪೆಟ್ಟು. ಆದ್ದರಿಂದಲೇ ಬಲಗೈ ಹುಡುಗ ಎಡ ಸೊಂಟ ನೋವೆಂದರೆ, ಹಿಂದಕ್ಕೆ ಬಾಗಿದಾಗ ಚುರುಕ್ ಅನ್ನುತ್ತದೆ ಅಂದರೆ, ಅದನ್ನು 'ಬೆಳೆಯೋ ನೋವು' ಎಂದು ಬಿಡಬಾರದು. ಎಕ್ಸ್‌ರೇಯಲ್ಲಿ ಶುರುವಿನ ಬಿರುಕು ಅನೇಕ ಸಲ ಕಾಣುವುದೇ ಇಲ್ಲ. ಇದು ನಮ್ಮ ಅಂಗಡಿಯವರ ಮಗನಿಗೆ ಆದ ಹಾಗೇ.

ಮೂಳೆ ದಡ್ಡ ವಸ್ತು ಅಲ್ಲ ಎನ್ನುವುದನ್ನೂ ಹೇಳಬೇಕು. ತಂತಿ ಮುರಿದರೆ ಮುರಿಯಿತು, ಮೂಳೆಗೆ ಹೊತ್ತು ಕೊಟ್ಟರೆ ತಾನೇ ರಿಪೇರಿ ಮಾಡಿಕೊಂಡು ಮೊದಲಿಗಿಂತ ಗಟ್ಟಿಯಾಗುತ್ತದೆ. ತೊಂದರೆ ಆಗುವುದು ಸವೆತ ರಿಪೇರಿಯನ್ನು ಮೀರಿದಾಗ. ಹದಿಹರೆಯದವರ ಮೂಳೆ ಇನ್ನೂ ಹಸಿ. ಎತ್ತರ ಸರ್ರನೆ ಏರುವ ವರ್ಷದಲ್ಲಿ ಮೂಳೆ ಮುಂದೆ ಓಡುತ್ತದೆ, ಮಾಂಸಖಂಡ ಹಿಂದೆ ಉಳಿಯುತ್ತದೆ. ಮಂಡಿಚಿಪ್ಪಿನ ಕೆಳಗೆ ಗಂಟು ಬಂದು ನೋಯುವುದು, ಹಿಮ್ಮಡಿ ಊರಲಾಗದೆ ಕುಂಟುವುದು, ಇವೆರಡೂ ಈ ವಯಸ್ಸಿನ ಆಟಗಾರ ಮಕ್ಕಳಲ್ಲಿ ಬಹಳ ಸಾಮಾನ್ಯ. ವಿಶ್ರಾಂತಿ ಕೊಟ್ಟು, ಆಟ ಕಡಿಮೆ ಮಾಡಿ, ಸರಿಯಾದ ಕಸರತ್ತು ಮಾಡಿಸಿದರೆ ಹೆಚ್ಚಿನವು ಹೋಗುತ್ತವೆ. ನೋವಿನ ಮಾತ್ರೆ ನುಂಗಿಸಿ ಆಡಿಸಿದರೆ ಹೋಗುವುದಿಲ್ಲ.

ದೊಡ್ಡವರದ್ದೂ ಇದೇ ಕಥೆ. ನಮ್ಮ ಬೆಂಗಳೂರಿನ ಹುಡುಗ ಪ್ರಸಿದ್ಧ್ ಕೃಷ್ಣ ಎಷ್ಟು ದಿನ ಕೂತ ಅಂತ ನೆನಪಿದೆಯಾ? 2022ರಲ್ಲಿ ಬೆನ್ನಿನ ಇದೇ ಜಾತಿಯ ಬಿರುಕು. ಶಸ್ತ್ರಚಿಕಿತ್ಸೆಯಾಯಿತು, 2023ರ ಐ.ಪಿ.ಎಲ್. ಪೂರ್ತಿ ತಪ್ಪಿತು. ಭಾರತ ತಂಡಕ್ಕೆ ಮರಳಿದ್ದು 2023ರ ಆಗಸ್ಟ್‌ನಲ್ಲಿ, ಐರ್ಲೆಂಡಿನಲ್ಲಿ. ಅದೇ ಪ್ರವಾಸದಲ್ಲಿ ಕ್ಯಾಪ್ಟನ್ ಆಗಿದ್ದ ಬುಮ್ರಾನೂ ಬೆನ್ನು ಸರಿಮಾಡಿಕೊಂಡು ಬಂದವನೇ. ಇನ್ನೂ ಹಿಂದಕ್ಕೆ ಹೋದರೆ ಮೈಸೂರಿನ ಜಾವಗಲ್ ಶ್ರೀನಾಥ್. 1997ರಲ್ಲಿ ಭುಜ ಕೈಕೊಟ್ಟು ವೆಸ್ಟ್ ಇಂಡೀಸ್ ಸರಣಿ ತಪ್ಪಿ, ದಕ್ಷಿಣ ಆಫ್ರಿಕಕ್ಕೆ ಹೋಗಿ ಆಪರೇಷನ್ ಮಾಡಿಸಿಕೊಂಡರು. ಅನಿಲ್ ಕುಂಬ್ಳೆಯವರ ಭುಜಕ್ಕೂ ಅದೇ ದೇಶದಲ್ಲೇ ಆಪರೇಷನ್ ಆಯಿತು. 2001ರಲ್ಲಿ ಆಸ್ಟ್ರೇಲಿಯ ಇಲ್ಲಿಗೆ ಬಂದಾಗ, ಈಡನ್ ಗಾರ್ಡನ್ಸಿನ ಆ ಮಹಾ ಪಂದ್ಯ ನಡೆದಾಗ, ಕುಂಬ್ಳೆ ತಂಡದಲ್ಲೇ ಇರಲಿಲ್ಲ. ಇಬ್ಬರೂ ವಾಪಸು ಬಂದರು, ವರ್ಷಗಟ್ಟಲೆ ಆಡಿದರು ಎನ್ನುವುದು ಬೇರೆ ಮಾತು. ಆದರೆ ಅವರ ಹಿಂದೆ ವೈದ್ಯರಿದ್ದರು, ಮಂಡಳಿ ಇತ್ತು. ಮತ್ತೀಕೆರೆ ಹುಡುಗನ ಹಿಂದೆ ಇರುವುದು ಅಪ್ಪನ ಗಲ್ಲಾಪೆಟ್ಟಿಗೆ ಮಾತ್ರ.

ಯಾರ್ಡಿನಲ್ಲಿ ಕಲಿತ ಪಾಠ

ಒಂದು ಬೆಳಿಗ್ಗೆ ಯಾರ್ಡಿನೊಳಕ್ಕೆ ಹೋದೆ. ಈರುಳ್ಳಿ ಲಾರಿ ಇಳಿಯುತ್ತಿತ್ತು. ಐವತ್ತು ಕಿಲೋ ಆಸುಪಾಸಿನ ಚೀಲ. ನೋಡುತ್ತಾ ನಿಂತವನಿಗೆ ಒಂದು ವಿಷಯ ಹೊಳೆಯಿತು. ಇಡೀ ಅರ್ಧಗಂಟೆಯಲ್ಲಿ ಒಬ್ಬ ಹಮಾಲನೂ ಸೊಂಟ ಬಗ್ಗಿಸಿ ನೆಲದಿಂದ ಚೀಲ ಎತ್ತಲಿಲ್ಲ. ಲಾರಿಯ ಮೇಲಿದ್ದ ಇಬ್ಬರು ಚೀಲವನ್ನು ಅಂಚಿಗೆ ಎಳೆದು ಕೊಡುತ್ತಾರೆ, ಕೆಳಗಿನವನು ಬೆನ್ನು ಕೊಟ್ಟು, ಮಂಡಿ ಸ್ವಲ್ಪ ಮಡಿಸಿ, ಭಾರ ಕೂತ ಮೇಲೆ ತೊಡೆಯಿಂದ ಏಳುತ್ತಾನೆ. ಆಮೇಲೆ ಚಿಕ್ಕ ಚಿಕ್ಕ ಹೆಜ್ಜೆ, ಹೊಟ್ಟೆ ಬಿಗಿ, ಬಾಯಲ್ಲಿ ಒಂದು ಹೂಂಕಾರ.

ಹಿರಿಯನೊಬ್ಬನನ್ನು ಮಾತಿಗೆ ಎಳೆದೆ. "ಹೊಸ ಹುಡುಗ ಬಂದರೆ ಮೊದಲ ದಿನವೇ ಚೀಲ ಹೊರಿಸ್ತೀರಾ?" ಎಂದೆ. ನಕ್ಕುಬಿಟ್ಟ. "ಮೊದಲ ದಿನವೇ ಹೊರಿಸಿದ್ರೆ ಎರಡನೇ ದಿನ ಬರಲ್ಲ ಸ್ವಾಮಿ. ಮೊದಲು ಕಸ ಗುಡಿಸ್ಲಿ, ಚೀಲ ಹೊಲೀಲಿ, ಆಮೇಲೆ ಅರ್ಧ ಚೀಲ. ಮೈ ಹೂಂ ಅನ್ನಬೇಕು, ಆಮೇಲೆ ಪೂರಾ ಚೀಲ."

ಓದುಗರೇ, ಇವತ್ತು ದೊಡ್ಡ ದೊಡ್ಡ ಕ್ರೀಡಾ ವಿಜ್ಞಾನಿಗಳು ಚಾರ್ಟು ಹಾಕಿ ಹೇಳುವ ಮಾತೂ ಇದೇ. ಭಾರ ಹೆಚ್ಚಿಸು, ಆದರೆ ಒಮ್ಮೆಗೇ ಹೆಚ್ಚಿಸಬೇಡ. ಪರೀಕ್ಷೆ ರಜೆಯಲ್ಲಿ ಒಂದು ತಿಂಗಳು ಬಾಲೇ ಮುಟ್ಟದ ಹುಡುಗನಿಗೆ ಏಪ್ರಿಲ್ ಸಮ್ಮರ್ ಕ್ಯಾಂಪಿನ ಮೊದಲ ದಿನವೇ ನೂರು ಬಾಲು ಹಾಕಿಸುವ ಕೋಚಿಗಿಂತ ನಮ್ಮ ಹಮಾಲ ಮೇಸ್ತ್ರಿ ಜಾಣ. ಹಾಗಂತ ಹಮಾಲರ ಬದುಕು ಚಂದ ಎಂದು ನಾನು ಹೇಳುತ್ತಿಲ್ಲ. ಅದೇ ಹಿರಿಯನ ಮಂಡಿ ನೋಡಿದೆ, ಏಳುವಾಗ ಕಂಬ ಹಿಡಿದು ಏಳುತ್ತಾನೆ. ತಂತ್ರ ಎಷ್ಟೇ ಸರಿಯಿದ್ದರೂ ಮೂವತ್ತು ವರ್ಷ ಚೀಲ ಹೊತ್ತರೆ ಮೈ ಲೆಕ್ಕ ಕೇಳುತ್ತದೆ. ಅವರ ಕೂಲಿ, ಅವರ ಆಸ್ಪತ್ರೆ ಖರ್ಚು ಇನ್ನೊಂದು ಅಂಕಣದ ವಿಷಯ, ಬರೆಯದೆ ಬಿಡುವುದಿಲ್ಲ.

ಈಗ ತುಮಕೂರು ರಸ್ತೆಯ ಉದ್ದಕ್ಕೂ ಜಿಮ್ಮುಗಳ ಬೋರ್ಡು ನೋಡಿರುತ್ತೀರಿ, 'ಫಂಕ್ಷನಲ್ ಟ್ರೈನಿಂಗ್' ಅಂತ. ಏನಪ್ಪಾ ಇದು, ಮದುವೆ ಫಂಕ್ಷನ್ನಿಗೆ ತಯಾರಿಯೇ ಎಂದು ನಮ್ಮ ಪಕ್ಕದ ಕ್ಷೌರದಂಗಡಿಯವರು ಕೇಳಿದ್ದುಂಟು. ಅರ್ಥ ಬಹಳ ಸರಳ: ಕೆಲಸಕ್ಕೆ ಬರುವ ವ್ಯಾಯಾಮ. ಕೂತು ಒಂದು ಮೆಷೀನಿನಲ್ಲಿ ಒಂದೇ ತೋಳಿನ ಗುಂಡು ಉಬ್ಬಿಸುವುದಲ್ಲ. ಬದುಕಿನಲ್ಲಿ, ಆಟದಲ್ಲಿ ಮೈ ಏನೇನು ಮಾಡಬೇಕೋ ಅದನ್ನೇ ಅಭ್ಯಾಸ ಮಾಡುವುದು. ಕೂತು ಏಳುವುದು, ಬಾಗಿ ಎತ್ತುವುದು, ಒಂಟಿ ಕಾಲಿನಲ್ಲಿ ನಿಲ್ಲುವುದು, ತಳ್ಳುವುದು, ಎಳೆಯುವುದು, ಹೊತ್ತು ನಡೆಯುವುದು, ಓಡುತ್ತಾ ತಟ್ಟನೆ ನಿಂತು ತಿರುಗುವುದು. ಪೆಟ್ಟು ತಿಂದವರನ್ನು ಮತ್ತೆ ಕೆಲಸಕ್ಕೆ ಕಳಿಸುವ ಫಿಸಿಯೋಥೆರಪಿಯಿಂದ ಹುಟ್ಟಿದ ವಿಚಾರ ಇದು, ಈಗ ಜಿಮ್ಮಿನವರ ಕೈಗೆ ಸಿಕ್ಕಿದೆ. ಅವರು ಅದನ್ನು ಸರ್ಕಸ್ ಮಾಡಿದ್ದೂ ಇದೆ. ರಬ್ಬರ್ ಚೆಂಡಿನ ಮೇಲೆ ನಿಂತು ಡಂಬೆಲ್ಸ್ ಎತ್ತುವುದು ಫೋಟೋಗೆ ಚೆನ್ನ. ಕ್ರಿಕೆಟ್ಟು, ಕಬಡ್ಡಿ ಆಡುವುದು ನೆಲದ ಮೇಲೆ, ಚೆಂಡಿನ ಮೇಲಲ್ಲ.

ಮತ್ತೆ ಇದು ಅಮೆರಿಕದಿಂದ ಬಂದ ಹೊಸ ಸರಕೂ ಅಲ್ಲ. ಗರಡಿಮನೆಯ ಬಸ್ಕಿ, ದಂಡ, ಗದೆ ತಿರುಗಿಸುವುದು, ಇವು ಮತ್ತೇನು? ಗದೆ ತಿರುಗಿಸುವ ಪೈಲ್ವಾನ ಭುಜದ ಕೀಲನ್ನು ಸುತ್ತಲೂ ಬಲಪಡಿಸಿಕೊಳ್ಳುತ್ತಿದ್ದ. ಇವತ್ತು ಬೌಲರಿಗೆ ರಬ್ಬರ್ ಪಟ್ಟಿ ಕೊಟ್ಟು ಮಾಡಿಸುವುದೂ ಅದನ್ನೇ, ಭಾರ ಮಾತ್ರ ಕಡಿಮೆ. ಬೆಂಗಳೂರಿನ ಹಳಬರಿಗೆ ಕೆ.ವಿ. ಅಯ್ಯರ್ ಗೊತ್ತು. 'ಶಾಂತಲಾ', 'ರೂಪದರ್ಶಿ' ಬರೆದ ಕಾದಂಬರಿಕಾರ ಎಂದು ನೀವು ಓದಿರಬಹುದು. ಆದರೆ ಆತ ಮೊದಲು ವ್ಯಾಯಾಮದ ಮೇಷ್ಟ್ರು. ಡಂಬೆಲ್ಸನ್ನೂ ಯೋಗಾಸನವನ್ನೂ ಒಂದೇ ಕೋಣೆಯಲ್ಲಿ ಕೂರಿಸಿದವರು, ಸೂರ್ಯನಮಸ್ಕಾರದ ಮೇಲೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದವರು, ಅಂಚೆಯ ಮೂಲಕ ಊರೂರಿಗೆ ಪಾಠ ಕಳಿಸಿದವರು. ಬಲ ಬೇಕು, ಬಳುಕೂ ಬೇಕು ಎನ್ನುವುದನ್ನು ಈ ಊರಿನಲ್ಲಿ ಸುಮಾರು ನೂರು ವರ್ಷದ ಹಿಂದೆಯೇ ಒಬ್ಬರು ಕಲಿಸುತ್ತಿದ್ದರು. ನಾವು ಮರೆತೆವು, ಅಷ್ಟೆ.

ಇಪ್ಪತ್ತು ನಿಮಿಷ

ಸರಿ, ಮಕ್ಕಳ ವಿಷಯಕ್ಕೆ ಬರೋಣ. ನಾರ್ವೆ ದೇಶದಲ್ಲಿ ಒಂದು ಪರೀಕ್ಷೆ ಮಾಡಿದರು, 2008ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. 13ರಿಂದ 17 ವರ್ಷದ ಫುಟ್‌ಬಾಲ್ ಹುಡುಗಿಯರು, 125 ಕ್ಲಬ್ಬುಗಳು, ಸಾವಿರದೆಂಟುನೂರಕ್ಕೂ ಹೆಚ್ಚು ಮಂದಿ. ಅರ್ಧ ಕ್ಲಬ್ಬಿನವರು ತಮ್ಮ ಮಾಮೂಲಿ ರೀತಿಯಲ್ಲಿ ಆಡಿದರು. ಇನ್ನರ್ಧದವರು ಆಟಕ್ಕೆ ಮುಂಚೆ ಇಪ್ಪತ್ತು ನಿಮಿಷ ಒಂದು ಗೊತ್ತಾದ ಕಸರತ್ತು ಮಾಡಿದರು. ನಿಧಾನ ಓಟ, ಒಂಟಿ ಕಾಲಿನ ಸಮತೋಲ, ಬಸ್ಕಿ, ಮೊಣಕೈ ಊರಿ ಹಲಗೆಯಂತೆ ನಿಲ್ಲುವುದು, ನೆಗೆದು ಮಂಡಿ ಒಳಕ್ಕೆ ಬೀಳದಂತೆ ಇಳಿಯುವುದು, ಕೊನೆಗೆ ವೇಗದ ಓಟ. ಒಂದು ಸೀಸನ್ ಮುಗಿಯುವ ಹೊತ್ತಿಗೆ ಕಸರತ್ತು ಮಾಡಿದವರಲ್ಲಿ ಗಾಯ ಸುಮಾರು ಮೂರನೇ ಒಂದು ಭಾಗ ಕಡಿಮೆ. ದೊಡ್ಡ ಗಾಯಗಳಂತೂ ಹತ್ತಿರ ಹತ್ತಿರ ಅರ್ಧ. ಸಾಮಾನು ಏನು ಬೇಕು? ಒಂದು ಚೆಂಡು. ಖರ್ಚು ಸೊನ್ನೆ. ಫೀಫಾದವರು ಇದನ್ನೇ '11 ಪ್ಲಸ್' ಎಂಬ ಹೆಸರಿನಲ್ಲಿ ಜಗತ್ತಿಗೆಲ್ಲ ಹಂಚಿದರು.

ಹುಡುಗಿಯರ ಮೇಲೆ ಯಾಕೆ ಮಾಡಿದರು ಅಂದರೆ, ಮಂಡಿಯೊಳಗಿನ ದಾರದಂಥ ಕಟ್ಟು ಹರಿಯುವುದು ಹುಡುಗರಿಗಿಂತ ಹುಡುಗಿಯರಲ್ಲಿ ಹಲವು ಪಟ್ಟು ಹೆಚ್ಚು. ಯಾರೂ ತಾಗದೆ, ತಾನೇ ನೆಗೆದು ಇಳಿಯುವಾಗ, ತಿರುಗುವಾಗ ಹರಿಯುತ್ತದೆ. ಥ್ರೋಬಾಲ್, ಕೊಕ್ಕೊ, ಕಬಡ್ಡಿ ಎಂದು ಮಕ್ಕಳನ್ನು ಕಳಿಸುವ ತಾಯಂದಿರು ಇದನ್ನು ಗಮನಿಸಬೇಕು. ಇಳಿಯುವುದನ್ನು ಕಲಿಸಬೇಕು, ಬರೀ ನೆಗೆಯುವುದನ್ನಲ್ಲ.

ಇನ್ನೊಂದು ಡೆನ್ಮಾರ್ಕಿನದು, 2011ರದು. ತೊಡೆಯ ಹಿಂಭಾಗದ ಸ್ನಾಯು, ಓಟಗಾರರು ಹಿಡಿದುಕೊಂಡು ಕುಕ್ಕರುಬಡಿಯುತ್ತಾರಲ್ಲ ಅದು. ಒಂದು ಸರಳ ಕಸರತ್ತು: ಮಂಡಿಯೂರಿ ಕೂರುವುದು, ಸಂಗಾತಿ ಹಿಂದಿನಿಂದ ಕಣಕಾಲು ಒತ್ತಿ ಹಿಡಿಯುವುದು, ಮೈಯನ್ನು ನೆಟ್ಟಗೆ ಇಟ್ಟುಕೊಂಡೇ ನಿಧಾನವಾಗಿ ಮುಂದಕ್ಕೆ ವಾಲುತ್ತಾ ಹೋಗುವುದು, ತಡೆಯಲಾಗದಾಗ ಕೈ ಊರುವುದು. 50 ಫುಟ್‌ಬಾಲ್ ತಂಡಗಳಲ್ಲಿ ನೋಡಿದರು. ಮಾಡದವರಲ್ಲಿ 52 ಗಾಯ, ಮಾಡಿದವರಲ್ಲಿ 15. ಇದನ್ನು ಓದಿ ನಮ್ಮ ಯಶವಂತಪುರದ ಎಷ್ಟು ಕ್ಯಾಂಪಿನಲ್ಲಿ ಮಾಡಿಸುತ್ತಾರೆ ಎಂದು ನೋಡಲು ಹೋದೆ. ನಾನು ನೋಡಿದ ಮೂರು ಮೈದಾನದಲ್ಲಿ ಎರಡರಲ್ಲಿ ವಾರ್ಮಪ್ ಎಂದರೆ ಎರಡು ರೌಂಡು ಓಟ, ಆಮೇಲೆ ಕಾಲು ಚಾಚಿ ಬೆರಳು ಮುಟ್ಟಿ ಕೂರುವುದು. ಅದೂ ಕೋಚು ಮೊಬೈಲು ನೋಡುತ್ತಿರುವಾಗ. ತಣ್ಣಗಿರುವ ಸ್ನಾಯುವನ್ನು ಹೀಗೆ ನಿಮಿಷಗಟ್ಟಲೆ ಎಳೆದು ಹಿಡಿದರೆ ಓಟದ ಬಿರುಸು ಆ ಹೊತ್ತಿಗೆ ತುಸು ತಗ್ಗುತ್ತದೆ. ಆಟಕ್ಕೆ ಮುಂಚೆ ಮೈ ಆಡಿಸಬೇಕು, ಎಳೆದು ಕೂರುವುದೇನಿದ್ದರೂ ಆಟ ಆದ ಮೇಲೆ. ಮೂರನೇ ಮೈದಾನದಲ್ಲಿ ಒಬ್ಬ ಹೆಣ್ಣುಮಗಳು, ಫಿಸಿಯೋ ಓದುತ್ತಿರುವವಳಂತೆ, ಹುಡುಗರನ್ನು ಒಂಟಿ ಕಾಲಿನಲ್ಲಿ ನಿಲ್ಲಿಸಿ ಚೆಂಡು ಎಸೆಯುತ್ತಿದ್ದಳು. ಅರ್ಧಕ್ಕರ್ಧ ಹುಡುಗರು ಬೀಳುತ್ತಿದ್ದರು. ಆ ಅಕ್ಕನಿಗೆ ನನ್ನದೊಂದು ನಮಸ್ಕಾರ.

ಬೌಲರ ವಿಷಯದಲ್ಲಿ ಇಂಗ್ಲೆಂಡಿನ ಮಂಡಳಿಯವರು ಮಾಡಿದ್ದ ನಿಯಮ ನೋಡಿ: 13 ವರ್ಷದೊಳಗಿನ ವೇಗದ ಬೌಲರಿಗೆ ಒಂದು ಸರದಿಗೆ 5 ಓವರು, ದಿನಕ್ಕೆ 10. 14, 15ರ ವಯಸ್ಸಿಗೆ ಸರದಿಗೆ 6, ದಿನಕ್ಕೆ 12. ಅಂಪೈರು ಎಣಿಸಿ ನಿಲ್ಲಿಸುತ್ತಾನೆ. ನಮ್ಮ ಹುಡುಗ ಒಂದು ದಿನಕ್ಕೆ ಎಷ್ಟು ಹಾಕುತ್ತಿದ್ದ ಎಂದು ತಂದೆಯನ್ನು ಕೇಳಿದೆ. ಅವರಿಗೆ ಗೊತ್ತಿರಲಿಲ್ಲ. ಹುಡುಗನನ್ನು ಕೇಳಿದೆ. ಅವನೂ ಎಣಿಸಿರಲಿಲ್ಲ. ಅಂಗಡಿಯಲ್ಲಿ ಅರ್ಧ ಕಿಲೋ ಬೇಳೆ ಕೊಟ್ಟರೂ ಬರೆದಿಡುವ ಮನೆ ಅದು.

ಅಮೆರಿಕದ ವೈದ್ಯರು ಇನ್ನೊಂದು ಸುಲಭ ಲೆಕ್ಕ ಕೊಟ್ಟಿದ್ದಾರೆ, ಗಂಟು ಹಾಕಿಕೊಳ್ಳಿ. ಮಗುವಿಗೆ ಎಷ್ಟು ವರ್ಷವೋ, ವಾರಕ್ಕೆ ಅದಕ್ಕಿಂತ ಹೆಚ್ಚು ಗಂಟೆ ಕೋಚಿಂಗ್ ಆಟ ಆಡಿದರೆ ಸವೆತದ ದೊಡ್ಡ ಗಾಯಗಳು ಹೆಚ್ಚುತ್ತವೆ. ಹನ್ನೆರಡು ವರ್ಷಕ್ಕೆ ಹನ್ನೆರಡು ಗಂಟೆ, ಸಾಕು. ಮತ್ತೆ ನಿದ್ದೆ. ಎಂಟು ಗಂಟೆಗಿಂತ ಕಡಿಮೆ ಮಲಗುವ ಹದಿಹರೆಯದ ಆಟಗಾರರಿಗೆ, ಸಾಕಷ್ಟು ಮಲಗುವವರಿಗಿಂತ ಗಾಯದ ಸಂಭವ 1.7 ಪಟ್ಟು ಎಂದು 2014ರ ಒಂದು ಅಧ್ಯಯನ ಹೇಳಿತು. ರಾತ್ರಿ ಹತ್ತರವರೆಗೆ ಟ್ಯೂಷನ್ನು, ಬೆಳಿಗ್ಗೆ ನಾಲ್ಕೂವರೆಗೆ ಅಲಾರಂ. ಇದು ಯಾವ ಮನೆಯಲ್ಲಿ ಇಲ್ಲ ಹೇಳಿ.

ಅಂಗಡಿಯವರಿಗೂ ಬಸ್ಸಿನವರಿಗೂ

ಮಕ್ಕಳ ಮಾತಾಯಿತು, ಈಗ ನಮ್ಮ ಮಾತು. ವಾರದ ಆರು ದಿನ ಗಲ್ಲಾದಲ್ಲಿ ಕೂತು ಏಳನೇ ದಿನ ವರ್ತಕರ ಸಂಘದ ಪಂದ್ಯದಲ್ಲಿ ಶೋಯೆಬ್ ಅಖ್ತರ್ ಆಗಲು ಹೋಗುವ ಯಜಮಾನರನ್ನು ನಾನು ಕಂಡಿದ್ದೇನೆ. ಎರಡನೇ ಓವರಿಗೆ ತೊಡೆ ಹಿಡಿದುಕೊಂಡು ಕೂರುತ್ತಾರೆ, ಸೋಮವಾರ ಅಂಗಡಿ ಬಾಗಿಲು ಮಗ ತೆಗೆಯುತ್ತಾನೆ. ನಗಬೇಡಿ. ಹೋದ ವರ್ಷ ನನಗೇ ಆಯಿತು. ಗೊರಗುಂಟೆಪಾಳ್ಯದ ಬಸ್ಸು ಹೊರಟಿತ್ತು, ಓಡಿದೆ. ಮೀನಖಂಡದಲ್ಲಿ ಯಾರೋ ಕಲ್ಲು ಹೊಡೆದಂತೆ ಆಯಿತು. ತಿರುಗಿ ನೋಡಿದರೆ ಯಾರೂ ಇಲ್ಲ. ಸ್ನಾಯು ಹರಿದಿತ್ತು. ಐವತ್ತು ದಾಟಿದವನು, ವರ್ಷಗಟ್ಟಲೆ ಓಡದವನು, ತಟ್ಟನೆ ಓಡಿದರೆ ಆಗುವುದೇ ಅದು. ಬಸ್ಸೂ ಹೋಯಿತು.

ಆಗ ಮಾಡಿದ ತಪ್ಪನ್ನು ಹೇಳಿಬಿಡುತ್ತೇನೆ. ಮನೆಗೆ ಬಂದು ಬಿಸಿನೀರು ಹಾಕಿ, ಎಣ್ಣೆ ಹಚ್ಚಿ ಗಟ್ಟಿಯಾಗಿ ತಿಕ್ಕಿಸಿಕೊಂಡೆ. ಬೆಳಿಗ್ಗೆ ಕಾಲು ಬಾಳೆದಿಂಡು. ಹೊಸ ಪೆಟ್ಟಿಗೆ ಮೊದಲ ಎರಡು ಮೂರು ದಿನ ಶಾಖವೂ ಬೇಡ, ತಿಕ್ಕುವುದೂ ಬೇಡ. ಒಳಗೆ ಹರಿದ ಜಾಗದಲ್ಲಿ ರಕ್ತ ಇನ್ನಷ್ಟು ಒಸರುತ್ತದೆ. ಬಟ್ಟೆ ಪಟ್ಟಿ ಸುತ್ತಿ, ಕಾಲು ಎತ್ತರಕ್ಕೆ ಇಟ್ಟುಕೊಳ್ಳಿ. ಐಸು ಇಟ್ಟರೆ ನೋವು ತಗ್ಗುತ್ತದೆ, ಅಷ್ಟಕ್ಕೆ ಇಡಿ. 'ವಿಶ್ರಾಂತಿ, ಐಸು, ಪಟ್ಟಿ, ಎತ್ತರ' ಎಂಬ ಸೂತ್ರವನ್ನು 1978ರಲ್ಲಿ ಜನಪ್ರಿಯ ಮಾಡಿದ ಅಮೆರಿಕದ ವೈದ್ಯ ಗೇಬ್ ಮರ್ಕಿನ್ ಅವರೇ ಮೂರೂವರೆ ದಶಕದ ಮೇಲೆ, ಐಸೂ ಪೂರ್ತಿ ವಿಶ್ರಾಂತಿಯೂ ವಾಸಿಯಾಗುವುದನ್ನು ತಡ ಮಾಡಬಹುದು ಎಂದು ತಮ್ಮ ಮಾತನ್ನು ತಿದ್ದಿಕೊಂಡರು. ಅಂಥ ದೊಡ್ಡತನ ನಮ್ಮಲ್ಲೂ ಬರಲಿ. ಎರಡು ಮೂರು ದಿನದ ಮೇಲೆ ನೋವು ತಡೆಯುವಷ್ಟು ಮೆಲ್ಲಗೆ ಆಡಿಸಲು ಶುರು ಮಾಡಬೇಕು. ಕಾಲು ಊರಲು ಆಗದಿದ್ದರೆ, ಮೂಳೆ ಮೇಲೆ ಒತ್ತಿದರೆ ನೋವಿದ್ದರೆ, ಕೀಲು ಬುಸ್ಸನೆ ಊದಿದರೆ, ಕಟ್ಟು ಹಾಕಿಸಲು ಓಡುವ ಮೊದಲು ಎಕ್ಸ್‌ರೇ. ಇದರಲ್ಲಿ ಜಿಪುಣತನ ಬೇಡ.

ಕಸರತ್ತಿಗೆ ಹೊತ್ತಿಲ್ಲ ಎನ್ನುತ್ತೀರಾ? ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತು ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರಿ. ಅದೇ ಬಸ್ಕಿ. ಎಣ್ಣೆ ಡಬ್ಬ, ಅಕ್ಕಿ ಮೂಟೆ ಎತ್ತುವಾಗ ಹತ್ತಿರ ಹೋಗಿ, ಮೈಗೆ ಒತ್ತಿಕೊಂಡು, ತೊಡೆಯಿಂದ ಏಳಿ, ಎತ್ತಿಕೊಂಡೇ ಸೊಂಟ ತಿರುಗಿಸಬೇಡಿ, ಪಾದ ತಿರುಗಿಸಿ. ಬಸ್ ಕಾಯುವಾಗ ನಿಲ್ದಾಣದ ಕಂಬಿ ಒಂದು ಬೆರಳಲ್ಲಿ ಹಿಡಿದು ಮುಂಗಾಲ ಮೇಲೆ ಎದ್ದು, ನಿಧಾನ ಇಳಿಯಿರಿ. ಮೂರು ಎಣಿಸುತ್ತಾ ಇಳಿಯುವುದೇ ಮುಖ್ಯ. ಒಂಟಿ ಕಾಲಿನಲ್ಲಿ ಅರ್ಧ ನಿಮಿಷ ನಿಂತು ನೋಡಿ. ಪಕ್ಕದವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ. ನನ್ನ ಮೀನಖಂಡ ಸರಿಹೋದದ್ದು ಮೂರು ತಿಂಗಳು ಹೀಗೆ ನಿಲ್ದಾಣದಲ್ಲಿ ಕುಣಿದದ್ದರಿಂದಲೇ. ಕಂಬಿ ಮಾತ್ರ ಬಸ್ಸು ಓಡುತ್ತಿರುವಾಗ ಬಿಡಬೇಡಿ, ಆ ಪ್ರಯೋಗ ನನ್ನ ಹೆಸರಿಗೆ ಬೇಡ.

ನಮ್ಮ ಉತ್ತರ ಭಾಗದಲ್ಲಿ ಈಗ ಅನುಕೂಲಗಳಿಗೆ ಬರವಿಲ್ಲ. ಯಲಹಂಕದ ಕಡೆ ಪಡುಕೋಣೆ-ದ್ರಾವಿಡ್ ಹೆಸರಿನ ಕ್ರೀಡಾಕೇಂದ್ರ ಇದೆ. 2000ದಲ್ಲಿ ಈ ಊರಿನಲ್ಲಿ ಶುರುವಾದ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿ 2024ರ ಸೆಪ್ಟೆಂಬರಿನಲ್ಲಿ ವಿಮಾನ ನಿಲ್ದಾಣದ ಬಳಿ, ಮೂರು ಮೈದಾನದ ಹೊಸ ಜಾಗ ಕಂಡಿತು. 2023ರ ಮೇ ತಿಂಗಳಲ್ಲಿ ತೊಡೆಯ ಸ್ನಾಯುಕಟ್ಟು ಹರಿದುಕೊಂಡ ಕೆ.ಎಲ್. ರಾಹುಲ್, ಇಂಗ್ಲೆಂಡಿನಲ್ಲಿ ಆಪರೇಷನ್ ಮುಗಿಸಿ, ಇದೇ ಅಕಾಡೆಮಿಯಲ್ಲಿ ತಿಂಗಳುಗಟ್ಟಲೆ ಇಂಚಿಂಚಾಗಿ ತಯಾರಾಗಿ ಸೆಪ್ಟೆಂಬರಿನಲ್ಲಿ ಪಾಕಿಸ್ತಾನದ ಮೇಲೆ ಶತಕ ಹೊಡೆದರು. ಅಲ್ಲಿ ಎಸೆದ ಒಂದೊಂದು ಬಾಲಿನ ಲೆಕ್ಕವೂ ಕಂಪ್ಯೂಟರಿನಲ್ಲಿ ಇರುತ್ತದೆ. ಅಲ್ಲಿಂದ ಹತ್ತಿಪ್ಪತ್ತು ಮೈಲಿ ದೂರದ ನಮ್ಮ ಮೈದಾನದಲ್ಲಿ ಹುಡುಗರು ಸಿಮೆಂಟು ಪಿಚ್ಚಿನ ಮೇಲೆ ಕಾಲು ಬಡಿಯುತ್ತಾರೆ, ಲೆಕ್ಕ ಇಡುವವರಿಲ್ಲ. ತಿಂಗಳ ಫೀಜು ವಸೂಲಿಗೆ ಮಾತ್ರ ರಿಜಿಸ್ಟರು ಇದೆ. ಫೀಜು ಕೊಡುವ ತಂದೆತಾಯಿಗಳು ಕೋಚನ್ನು ಮೂರು ಪ್ರಶ್ನೆ ಕೇಳಿದರೆ ಸಾಕು: ಆಟಕ್ಕೆ ಮುಂಚೆ ಏನು ಮಾಡಿಸ್ತೀರಿ, ನನ್ನ ಮಗ ದಿನಕ್ಕೆ ಎಷ್ಟು ಬಾಲು ಹಾಕ್ತಾನೆ, ನೋವು ಅಂದರೆ ಯಾರ ಹತ್ತಿರ ಕಳಿಸ್ತೀರಿ. ಉತ್ತರ ಬಾರದಿದ್ದರೆ ಮೈದಾನ ಬದಲಾಯಿಸಿ.

ಅಂಗಡಿಯವರ ಮಗನಿಗೆ ಆರು ತಿಂಗಳು ಕಳೆಯಿತು. ಫಿಸಿಯೋ ಹೇಳಿಕೊಟ್ಟ ಕಸರತ್ತನ್ನು ಮಾಡಿನ ಮೇಲೆ ದಿನಾ ಮಾಡಿದ. ಬಿರುಕು ಕೂಡಿದೆ, ಮೆಲ್ಲಗೆ ಶುರು ಮಾಡಬಹುದು ಎಂದಿದ್ದಾರೆ. ಮೊದಲ ವಾರ ನಿಂತಲ್ಲೇ ಹನ್ನೆರಡು ಬಾಲು, ಆಮೇಲೆ ಅರ್ಧ ರನ್ನಪ್ಪು. ಕಳೆದ ಭಾನುವಾರ ನಾನೂ ನೋಡಲು ಹೋಗಿದ್ದೆ. ತಂದೆ ಮೈದಾನದ ಅಂಚಿನಲ್ಲಿ ಕೂತಿದ್ದರು. ತೊಡೆಯ ಮೇಲೆ ಅಂಗಡಿಯ ಅದೇ ಉದ್ದನೆಯ ಸಾಲದ ಪುಸ್ತಕ, ಕಿವಿಯ ಮೇಲೆ ಪೆನ್ನು. ಸಾಲಗಾರರ ಹೆಸರಿನ ಪುಟಗಳಾದ ಮೇಲೆ ಕೊನೆಯ ಪುಟದಲ್ಲಿ ಮಗನ ಹೆಸರು, ತಾರೀಖು, ಎದುರಿಗೆ ಗೀಟುಗಳು. ಮೂವತ್ತನೇ ಬಾಲು ಬಿದ್ದಿತು. ಹೊಸ ಕೋಚು, "ಇನ್ನೊಂದು ಓವರು ಹಾಕಲಿ ಸಾರ್, ಲಯ ಚೆನ್ನಾಗಿ ಬರ್ತಿದೆ" ಎಂದರು. ಹುಡುಗ ಬಾಲು ಕೈಯಲ್ಲಿ ಹಿಡಿದು ಅಪ್ಪನ ಕಡೆ ನೋಡಿದ. ಯಜಮಾನರು ಪುಸ್ತಕ ಮಡಿಸಿ ಎದ್ದುನಿಂತು, "ಇವತ್ತಿನ ಖಾತೆ ಮುಗೀತು, ಬಾರೋ" ಎಂದರು.